ಮಿತಿಯೊಳಗಿನ ಥಾವರೆಪ್ಪ ಸಾಹೇಬರು

ಕಾಡಂಚಿನ ಮಿಲಿಟರಿ ಡಿಪೋದ ಎಣ್ಣೆ ಇಳಿದು ಕೆಟ್ಟ ಅಂತರ್ಜಲವನ್ನು ಡಿಪೋದವರು ಮೇಲೆತ್ತಿ ಶುದ್ಧ ಮಾಡಿಯೇ ಹಳ್ಳಕ್ಕೆ ಬಿಡುತ್ತಾರೋ ಇಲ್ಲವೋ ಎಂದು ನೋಡುವುದು ಥಾವರೆಪ್ಪ ಸಾಹೇಬರ ಕೆಲಸ. ಗೇಟಿನೊಳಗೆ ಅವರಿಗೇ ಪ್ರವೇಶವಿಲ್ಲ. ಕಾವಲುಗಾರ ಒಳಗಿಂದ ತಂದುಕೊಟ್ಟ ನೀರಿನ ಬಾಟಲಿಯನ್ನು ಬಿಸಿಲಿಗೆ ಹಿಡಿದು, ತೀರ್ಥವೆಂದು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ, "ಎಲ್ಲಾ ಮಿತಿಯೊಳಗ ಐತಿ" ಎಂದು ಸಹಿ ಜಡಿಯುತ್ತಾರೆ. ಹಳ್ಳದ ದಂಡೆಯ ಕ್ರಿಸ್ತಿನಾ ತನ್ನ ಬಾವಿಯ ನೀರನ್ನು ಬಾಟಲಿಗೆ ತುಂಬಿ, "ಚಿಮಣಿ ಎಣ್ಣಿ ನಾರ್ತೈತಿ, ಮೂಸಿ ನೋಡ್ರಿ" ಎಂದರೆ, "ಮೂಗಿಗೆ ಸರ್ಕಾರದಾಗ ಮಾನ್ಯತೆ ಇಲ್ಲವ್ವಾ, ಪರೀಕ್ಷಾಕ ಕಳಸ್ತೇನಿ" ಎಂದು ಸ್ಕೂಟರಿಗೆ ಹಾಕಿಕೊಳ್ಳುತ್ತಾರೆ. ಅಂಬೇವಾಡಿಯ ಅವರ ಮನೆಯ ಅಟ್ಟದ ತುಂಬ ಅಂಥವೇ ಬಾಟಲಿಗಳು. ಮೊನ್ನೆ ಹೆಂಡತಿ ರೂಪಿಬಾಯಿ ಬೇಸತ್ತು ಒಂದನ್ನು ಹಿತ್ತಲಿಗೆ ಚೆಲ್ಲಹೋದಾಗ, ಎಂದೂ ಓಡದ ಸಾಹೇಬರು ಓಡಿಬಂದು ಕೈ ಹಿಡಿದರು: "ಏ ಹುಚ್ಚಿ, ಅಲ್ಲಿ ನಮ್ಮ ಬಾವಿ ಐತಿ!"