ಒಂದೇ ಸಂಜೆಯ ರಾಜಕುಮಾರ

ಯಶವಂತಪುರ ಸ್ಟೇಷನ್ನಿಗೆ ನಮ್ಮನ್ನು ಕಳಿಸಿಕೊಡಲು ಪುಟ್ಟೇನಹಳ್ಳಿಯಿಂದ ಎರಡು ಜಟಕಾ ತುಂಬ ಜನ ಬಂದಿದ್ದರು. ಪೂನಾ ಗಾಡಿ ಮುಕ್ಕಾಲು ಗಂಟೆ ಲೇಟು. ಅಷ್ಟರಲ್ಲಿ ನಮ್ಮತ್ತೆ ಟ್ರಂಕಿನ ಮೇಲೆ ಇನ್ನೊಂದು ಡಬ್ಬ ಇಟ್ಟರು.

"ಅಮ್ಮಾ, ಜಪಾನಿಗೆ ಹೋಗ್ತಿರೋದು, ವನವಾಸಕ್ಕಲ್ಲ," ಅಂದರು ನಮ್ಮ ಯಜಮಾನರು.

"ನೀನು ಸುಮ್ನಿರಪ್ಪ. ಅಲ್ಲಿ ಮೀನು ಹಸೀದೇ ತಿಂತಾರಂತೆ. ಲೀಲಾ, ಚಟ್ನಿಪುಡಿ ಮೇಲ್ಗಡೆ ಇದೆ, ಹಪ್ಪಳ ಕೆಳಗಡೆ ಕಣೇ."

ಅರವತ್ತರ ದಶಕದ ನಡುವಿನ ಮಾತು. ಕಾರ್ಖಾನೆಯವರು ಯಜಮಾನರನ್ನು ಒಂಬತ್ತು ತಿಂಗಳ ಟ್ರೈನಿಂಗಿಗೆ ಕಳಿಸುತ್ತಿದ್ದರು. ಮದುವೆಯಾಗಿ ಎರಡು ವರ್ಷವಾಗಿದ್ದ ನನಗೂ ಜೊತೆಗೆ ಹೋಗಲು ಪರ್ಮಿಷನ್ ಸಿಕ್ಕಿತ್ತು. ಬೊಂಬಾಯಿಯಿಂದ ಕೋಬೆಗೆ ಹಡಗಿನಲ್ಲಿ ಇಪ್ಪತ್ತೆರಡು ದಿನ. ಕೊಲಂಬೊ ಬರುವವರೆಗೂ ನಾನು ತಲೆ ಎತ್ತಲಿಲ್ಲ. ಸಿಂಗಪುರದ ಹೊತ್ತಿಗೆ ಚಟ್ನಿಪುಡಿಯ ಅರ್ಧ ಡಬ್ಬ ಸಹಪ್ರಯಾಣಿಕರ ಪಾಲಾಗಿತ್ತು. ಕೋಬೆಯಲ್ಲಿ ಇಳಿದ ಬೆಳಿಗ್ಗೆ ನೀರಿನ ಮೇಲೆ ಮಂಜು ಕೂತಿತ್ತು, ಥೇಟ್ ಡಿಸೆಂಬರಿನ ಹೆಬ್ಬಾಳ ಕೆರೆ. ಆದರೆ ಹೆಬ್ಬಾಳದಲ್ಲಿ ಅಷ್ಟು ಕ್ರೇನುಗಳಿರಲಿಲ್ಲ!

ಅಲ್ಲಿಂದ ಒಂದು ಗಂಟೆ ರೈಲು. ಬೆಟ್ಟದ ಬುಡದ ಊರೊಂದರಲ್ಲಿ ನಮಗೆ ಮಹಡಿಯ ಮೇಲೆ ಎರಡು ಕೋಣೆ ಕೊಟ್ಟಿದ್ದರು. ಕೆಳಗೆ ಮನೆಯ ಒಡತಿ. ಗಂಡ ತೀರಿಕೊಂಡಿದ್ದ ಆಕೆಯನ್ನು ಒಬಾಸಾನ್ ಅನ್ನುತ್ತಿದ್ದೆವು, ನಾವು ಅತ್ತೆಮ್ಮ ಅಂದ ಹಾಗೆ. ಮಗಳು ಫುಮಿಕೊಗೆ ಇಪ್ಪತ್ತೈದು ವರ್ಷ. ನನಗಿಂತ ಒಂದು ಗೇಣು ಎತ್ತರ, ಕೂದಲು ಗಂಡಸರ ಹಾಗೆ ಕತ್ತರಿಸಿದ್ದಳು. ಅವಳ ಕೆಲಸ ಸಂಗೀತ ನಾಟಕದ ಕಂಪನಿಯಲ್ಲಿ. ಅಲ್ಲಿ ಎಲ್ಲರೂ ಹೆಂಗಸರೇ. ರಾಜ, ಸೈನಿಕ, ಕಳ್ಳ, ಎಲ್ಲ ವೇಷವೂ ಅವರದೇ.

ಯಲಹಂಕದ ಟೆಂಟಿನಲ್ಲಿ ತಾತನ ಪಕ್ಕ ಕೂತು ಕಂಪನಿ ನಾಟಕ ನೋಡಿ ಬೆಳೆದವಳು ನಾನು. ಅಲ್ಲಿ ಮೀಸೆ ಬೋಳಿಸಿಕೊಂಡ ಗಂಡಸರು ಸೀರೆ ಉಡುತ್ತಿದ್ದರು. ಹಾಡು ಹಿಡಿಸಿದರೆ ಜನ "ವನ್ಸ್ ಮೋರ್" ಅಂತ ಕೂಗುತ್ತಿದ್ದರು. ಸತ್ತು ಬಿದ್ದ ರಾಜನೂ ಎದ್ದು ಇನ್ನೊಂದು ಸಲ ಹಾಡಿ, ಮತ್ತೆ ಸಾಯುತ್ತಿದ್ದ. ಇದನ್ನೆಲ್ಲ ಹೇಳಿದಾಗ ಫುಮಿಕೊ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೆ ಸ್ಕೂಲಿನ ಇಂಗ್ಲಿಷ್ ಸಾಕಷ್ಟು ಬರುತ್ತಿತ್ತು, ನನ್ನದು ಕಾನ್ವೆಂಟ್ ಇಂಗ್ಲಿಷ್. ಸ್ನೇಹಕ್ಕೆ ಅಷ್ಟು ಸಾಕಾಯಿತು.

ನಾವು ಹೋದ ಐದನೇ ತಿಂಗಳು, ಒಂದು ಸಂಜೆ ಅವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿಬಂದಳು. ಅವರ ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ತಿಂಗಳುಗಟ್ಟಲೆ ಹಿರಿಯರು ಆಡುವ ನಾಟಕವನ್ನು ಒಂದೇ ಒಂದು ಸಂಜೆ ಕಿರಿಯರು ಆಡುತ್ತಾರೆ. ಅದೇ ರಂಗ, ಅದೇ ಬಟ್ಟೆ, ಅದೇ ಹೆಜ್ಜೆ. ಸೇರಿ ಏಳು ವರ್ಷ ಆಗುವವರೆಗೆ ಮಾತ್ರ ಆ ಅವಕಾಶ. ಫುಮಿಕೊಗೆ ಅದು ಏಳನೆಯ ವರ್ಷ. ಅಲ್ಲಿಯವರೆಗೆ ಅವಳು ನಿಂತದ್ದೆಲ್ಲ ಸಾಲಿನ ಕೊನೆಯಲ್ಲಿ. ಈಗ ರಾಜಕುಮಾರನ ಪಾತ್ರ ಸಿಕ್ಕಿತ್ತು.

"ಈ ಸಲ ನನ್ನನ್ನು ಯಾರೂ ಗಮನಿಸದಿದ್ದರೆ, ಕೊನೆಯವರೆಗೂ ಸಾಲಿನ ತುದಿಯೇ ನನ್ನ ಜಾಗ," ಅಂದಳು.

ಆ ಪಾತ್ರ ಆಡುವ ಹಿರಿಯ ನಟಿಯೇ ಕಲಿಸುವುದು ರೂಢಿ. ಆಕೆ ಬಿಗಿ ಸ್ವಭಾವದವರು. "ನನ್ನ ಹಾಗೇ ಮಾಡು. ಏನೂ ಸೇರಿಸಬೇಡ," ಅಂದಿದ್ದರಂತೆ. ಕಷ್ಟವಿದ್ದದ್ದು ರಂಗದ ಮೇಲಿನ ಮೆಟ್ಟಿಲಿನಲ್ಲಿ. ಇಪ್ಪತ್ತಾರು ಮೆಟ್ಟಿಲು ಹಾಡುತ್ತಾ ಇಳಿಯಬೇಕು, ಒಮ್ಮೆಯೂ ಕಾಲು ನೋಡಿಕೊಳ್ಳದೆ. ಫುಮಿಕೊ ಪ್ರತಿ ಸಲವೂ ನೋಡಿಬಿಡುತ್ತಿದ್ದಳು.

ನಮ್ಮ ಮನೆಯ ಮರದ ಮೆಟ್ಟಿಲು ಹನ್ನೊಂದೇ. ಗಂಡಸರ ನಡಿಗೆ ಕಲಿಯಲು ಅವಳು ಮೊದಲು ನಮ್ಮ ಯಜಮಾನರು ಇಳಿಯುವುದನ್ನು ನೋಡಿದಳು. ಅವರು ಕೊಡೆ ಕಂಕುಳಲ್ಲಿಟ್ಟು, ಜೇಬು ಮುಟ್ಟಿ ನೋಡಿಕೊಳ್ಳುತ್ತಾ ಇಳಿದರು.

"ರೀ, ಅವಳಿಗೆ ಬೇಕಿರೋದು ಪ್ರಿನ್ಸು, ಹೆಡ್ ಕ್ಲರ್ಕ್ ಅಲ್ಲ."

"ಪ್ರಿನ್ಸಿಗೆ ಎಂಟೂ ಹತ್ತರ ರೈಲು ಹಿಡಿಯೋದಿರಲ್ಲ ಬಿಡೇ," ಅಂತ ಅವರು ಹೊರಟೇಬಿಟ್ಟರು.

ಆಮೇಲೆ ನನಗೆ ಕಾನ್ವೆಂಟಿನ ಡಿಪೋರ್ಟ್‌ಮೆಂಟ್ ಕ್ಲಾಸು ನೆನಪಾಯಿತು. ತಲೆ ಮೇಲೆ ದಪ್ಪ ಪುಸ್ತಕ ಇಟ್ಟು ವರಾಂಡದಲ್ಲಿ ಓಡಾಡಿಸುತ್ತಿದ್ದ ಸಿಸ್ಟರ್. ಯಜಮಾನರ ಇಂಜಿನಿಯರಿಂಗ್ ಹ್ಯಾಂಡ್‌ಬುಕ್ ತಂದು ಫುಮಿಕೊ ತಲೆ ಮೇಲಿಟ್ಟೆ. "ಚಿನ್ ಅಪ್! ದೂರದ ಬೆಟ್ಟ ನೋಡು," ಅಂದೆ. ಮೊದಲ ದಿನ ಹ್ಯಾಂಡ್‌ಬುಕ್ ಹದಿನಾಲ್ಕು ಸಲ ಬಿತ್ತು. ಮೂರನೇ ವಾರ ಒಮ್ಮೆಯೂ ಬೀಳಲಿಲ್ಲ. ಅದರ ಬೈಂಡಿಂಗ್ ಮಾತ್ರ ಯಜಮಾನರು ಮತ್ತೆ ಹಾಕಿಸಬೇಕಾಯಿತು.

ಅವಳ ಆಟದ ಸಂಜೆ ನಾನೂ ಒಬಾಸಾನೂ ಲೋಕಲ್ ರೈಲಿನಲ್ಲಿ ಹೋದೆವು. ಇಪ್ಪತ್ತು ನಿಮಿಷದ ದಾರಿ, ಯಲಹಂಕದಿಂದ ಹೆಬ್ಬಾಳದಷ್ಟು. ಆಕೆ ಕೊಟ್ಟ ಅನ್ನದ ಉಂಡೆಗೆ ನಾನು ಚಟ್ನಿಪುಡಿ ಅದ್ದಿಕೊಂಡೆ. ಆಕೆ ತಮ್ಮದನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿಟ್ಟರು. ಥಿಯೇಟರಿನಲ್ಲಿ ಹಿರಿಯ ನಟಿ ನಮಗಿಂತ ಎರಡು ಸಾಲು ಮುಂದೆ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಕೊನೆಯ ಅಂಕದಲ್ಲಿ ಮೆಟ್ಟಿಲ ತುದಿಯಲ್ಲಿ ಬೆಳಕು ಬಿತ್ತು. ಬಿಳಿ ಸೂಟು, ಬಿಳಿ ಹ್ಯಾಟು, ನಮ್ಮ ಫುಮಿಕೊ. ಒಬಾಸಾನ್ ನನ್ನ ಕೈ ಹಿಡಿದುಕೊಂಡರು. ನಾನು ಮನಸ್ಸಿನಲ್ಲೇ ಎಣಿಸಿದೆ. ಹತ್ತು, ಹನ್ನೊಂದು, ನಮ್ಮ ಮನೆ ಮೆಟ್ಟಿಲು ಮುಗಿಯಿತು. ಹದಿನೈದು. ಇಪ್ಪತ್ತು. ಕಣ್ಣು ಕೆಳಗಿಳಿಯಲಿಲ್ಲ. ದನಿ ಮಾತ್ರ ಬಿಚ್ಚಿಕೊಳ್ಳುತ್ತಾ ಹೋಯಿತು. ಇಪ್ಪತ್ತಾರನೇ ಮೆಟ್ಟಿಲಲ್ಲಿ ಹಾಡು ಮುಗಿಯಿತು. ಜನ ಮೆತ್ತಗೆ, ಒಂದೇ ಸಮ ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಇಷ್ಟೇನಾ ಅನ್ನಿಸಿತು.

ಏಳು ವರ್ಷ ಸಿಸ್ಟರ್‌ಗಳು ಕಲಿಸಿದ್ದೆಲ್ಲ ಎಲ್ಲಿ ಹೋಯಿತೋ! ನಾನು ಎದ್ದು ನಿಂತು ಕೂಗಿಬಿಟ್ಟೆ: "ವನ್ಸ್ ಮೋರ್! ವನ್ಸ್ ಮೋರ್!"

ಥಿಯೇಟರ್ ಪೂರ್ತಿ ನನ್ನ ಕಡೆ ತಿರುಗಿತು. ವಾದ್ಯದವರ ಮೇಷ್ಟ್ರ ಕೋಲು ಗಾಳಿಯಲ್ಲೇ ನಿಂತಿತು. ಒಬಾಸಾನ್ ನನ್ನ ಸೆರಗು ಹಿಡಿದು ಕೂರಿಸಿದರು. ಅವಳಿಗಿದ್ದದ್ದು ಒಂದು ಸಂಜೆ, ಅದನ್ನು ನಾನು ಹಾಳುಮಾಡಿಬಿಟ್ಟಿದ್ದೆ.

ಫುಮಿಕೊ ಕೊನೆಯ ಮೆಟ್ಟಿಲಲ್ಲೇ ನಿಂತಿದ್ದಳು. ನಿಧಾನವಾಗಿ ನಮ್ಮ ಕಡೆ ಮುಖ ಎತ್ತಿ, ಎರಡು ಬೆರಳಲ್ಲಿ ಹ್ಯಾಟಿನ ಅಂಚನ್ನು ಸ್ವಲ್ಪ ಎತ್ತಿ, ತುಂಟ ರಾಜಕುಮಾರನ ಹಾಗೆ ನಕ್ಕಳು. ಅದು ನಾಟಕದಲ್ಲಿ ಇರಲಿಲ್ಲ. ಆಮೇಲೆ ಜನ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು ನೋಡಿ, ಮೇಷ್ಟ್ರು ಮತ್ತೆ ಕೋಲು ಎತ್ತಲು ಕಾಯಬೇಕಾಯಿತು.

ಆದರೆ ಹಿರಿಯ ನಟಿ ನಗಲಿಲ್ಲ. ಆಟ ಮುಗಿದ ಮೇಲೆ ನಾನು ಹಿಂಬಾಗಿಲಲ್ಲಿ ಕ್ಷಮೆ ಕೇಳಲು ನಿಂತೆ. ಫುಮಿಕೊ ಬಣ್ಣ ಕೂಡ ಒರೆಸದೆ, ಅವರ ಮುಂದೆ ತಲೆ ಬಗ್ಗಿಸಿ ನಿಂತಿದ್ದಳು. ಅವರು ಗಟ್ಟಿಯಾಗಿ ಏನೋ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಇನ್ನೊಂದು ಮಾತು ಹೇಳಿ ಹೊರಟುಹೋದರು.

"ಏನಂದ್ರು?"

ಫುಮಿಕೊ ಅಳುತ್ತಿದ್ದಳೋ ನಗುತ್ತಿದ್ದಳೋ. "'ಎರಡು ಗಂಟೆ ನನ್ನನ್ನೇ ನೋಡ್ತಾ ಕೂತಿದ್ದೆ. ಆ ಹ್ಯಾಟ್ ಮುಟ್ಟಿದಾಗ ಮಾತ್ರ ನಿನ್ನನ್ನು ನೋಡಿದೆ' ಅಂದರು. ನಿಮಗೆ ಹೇಳಿದ್ದು: 'ನಾಳೆ ನನ್ನ ಆಟಕ್ಕೆ ದಯವಿಟ್ಟು ಬರಬೇಡಿ, ನನಗೆ ಎರಡು ಸಲ ಹಾಡೋ ಉಸಿರಿಲ್ಲ.'"

ಮುಂದಿನ ನಾಟಕದ ಪಟ್ಟಿಯಲ್ಲಿ ಅವಳು ಸಾಲಿನ ತುದಿಯಲ್ಲಿರಲಿಲ್ಲ. ನಾಯಕನ ತಮ್ಮನ ಪಾತ್ರ, ಹನ್ನೊಂದು ಮಾತು. ನಮ್ಮ ಮೆಟ್ಟಿಲಿನಷ್ಟೇ, ಅಂತ ಒಬಾಸಾನ್ ಬೆರಳು ಮಡಿಸಿ ತೋರಿಸಿದರು.

ಊರಿಗೆ ಹೊರಟ ದಿನ ಅವಳು ಕೋಬೆಯ ಬಂದರಿಗೆ ಬಂದಳು. ಸಾದಾ ಸ್ವೆಟರು, ತಲೆ ಮೇಲೆ ಏನೂ ಇಲ್ಲ. ಹಡಗು ಬಿಟ್ಟಾಗ ಕೈ ಬೀಸಲಿಲ್ಲ. ಎರಡು ಬೆರಳಲ್ಲಿ ಇಲ್ಲದ ಹ್ಯಾಟನ್ನು ಎತ್ತಿದಳು.

ಡೆಕ್ಕಿನಲ್ಲಿ ನೂರು ಜನರಿದ್ದರು. "ಬೇಡ ಕಣೇ ಲೀಲಾ," ಅಂತ ಯಜಮಾನರು ಪಿಸುಗುಟ್ಟುವಷ್ಟರಲ್ಲಿ ನಾನು ಕೂಗಿಯಾಗಿತ್ತು.

ಅವಳು ಮತ್ತೊಮ್ಮೆ ಎತ್ತಿದಳು. ಬಂದರು ಬೆರಳುದ್ದ ಆಗುವವರೆಗೂ ನಾನು ಕೂಗುತ್ತಲೇ ಇದ್ದೆ, ಅವಳು ಎತ್ತುತ್ತಲೇ ಇದ್ದಳು.