ಟೋಬಿಯಾಸ್ ಕಟ್ಟಿಕೊಂಡ ಕೆಂಪು ಪಟ್ಟಿ

೧೯೯೭ರಲ್ಲಿ ನಾನು ಹಲಸೂರಿನ ಒಂದು ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಆ ಸೆಪ್ಟೆಂಬರಿನಲ್ಲಿ ಬಾಗಿಲಿಗೆ ತಲೆ ತಗ್ಗಿಸಿ ನನ್ನ ಕೋಣೆಗೆ ಬಂದವನು ಟೋಬಿಯಾಸ್, ಹತ್ತೊಂಬತ್ತರ ಜರ್ಮನ್ ಹುಡುಗ. ಅಲ್ಲಿನ ಎರಡನೇ ದರ್ಜೆಯ ಲೀಗಿನಲ್ಲಿ ಆಡುವ ಕ್ಲಬ್ಬೊಂದರ ವೃತ್ತಿಪರ ಫುಟ್ಬಾಲ್ ಆಟಗಾರ. ಎಂಟನೇ ಪಂದ್ಯದಲ್ಲೇ ಅವನ ಎಡ ಮೊಣಕಾಲಿನ ಲಿಗಮೆಂಟ್, ಅಂದರೆ ಮೂಳೆಗಳನ್ನು ಜೋಡಿಸಿ ಹಿಡಿಯುವ ನಾರು, ಹರಿದಿತ್ತು. ಏಪ್ರಿಲ್‌ನಲ್ಲಿ ಆಪರೇಷನ್ ಆಗಿತ್ತು. ತಂದೆ ಕೆ.ಆರ್. ಪುರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ಮನೆ ಇಂದಿರಾನಗರದಲ್ಲಿ. ಅಮ್ಮನ ಕೈಯಡುಗೆ ತಿಂದು ಚೇತರಿಸಿಕೊಳ್ಳಲೆಂದು ಇಲ್ಲಿಗೆ ಬಂದಿದ್ದ. ಜನವರಿಯಲ್ಲಿ ಮರಳಿ ಹೋಗಿ ಆಡಿ ತೋರಿಸಬೇಕಿತ್ತು. ಕೋಚ್ ಒಪ್ಪದಿದ್ದರೆ ಅವನ ಕರಾರು ಮುಂದುವರಿಯುವಂತಿರಲಿಲ್ಲ.

ನನಗೆ ಅಳತೆಯ ಹುಚ್ಚು. ಮೊದಲ ದಿನ ಅವನ ಎಡತೊಡೆಯ ಸುತ್ತಳತೆ ಬಲತೊಡೆಗಿಂತ ಮೂರು ಸೆಂಟಿಮೀಟರ್ ಕಡಿಮೆಯಿತ್ತು. ನವೆಂಬರ್ ಕೊನೆಗೆ ವ್ಯತ್ಯಾಸ ಅರ್ಧ ಸೆಂಟಿಮೀಟರಿಗೆ ಇಳಿಯಿತು. ಕಾಗದದ ಮೇಲೆ ಮೊಣಕಾಲು ಪಾಸಾಗಿತ್ತು. ಆದರೆ ಆಸ್ಪತ್ರೆಯ ಅಂಗಳದಲ್ಲಿ ಆಡಿಸುವಾಗ ಯಾರಾದರೂ ಚೆಂಡಿನ ಹತ್ತಿರ ಬಂದರೆ ಸಾಕು, ಅವನು ಎಡಗಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದ. ಭಯವನ್ನು ಬರೆದುಕೊಳ್ಳಲು ನನ್ನ ಚಾರ್ಟಿನಲ್ಲಿ ಜಾಗವೇ ಇರಲಿಲ್ಲ.

ಗೌತಮಪುರದ ಮೈದಾನದಲ್ಲಿ ಬೆಳಗಿನ ಆಟ ನಡೆಸುತ್ತಿದ್ದ ಪೆರುಮಾಳಣ್ಣ ನನ್ನ ಹಳೆಯ ಪೇಷಂಟು. ‘ಇಲ್ಲಿಗ್ ಕರ್ಕೊಂಬನ್ನಿ ಮೇಡಂ’ ಎಂದರು. ಗಾಯದಿಂದ ಎದ್ದು ಬಂದವನು ಅಲ್ಲಿ ಮೊಣಕಾಲಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿಕೊಂಡು ಆಡುತ್ತಾನೆ. ಅವನನ್ನು ಯಾರೂ ಟ್ಯಾಕಲ್ ಮಾಡುವುದಿಲ್ಲ, ಅಂದರೆ ಕಾಲು ಹಾಕಿ ಚೆಂಡು ಕಸಿಯುವುದಿಲ್ಲ. ಸಾಕೆನಿಸಿದ ದಿನ ಅವನೇ ಪಟ್ಟಿ ಬಿಚ್ಚಿ, ಮುಂದೆ ಗಾಯಗೊಳ್ಳುವವನಿಗಾಗಿ ಕೊಟ್ಟುಬಿಡಬೇಕು. ಬೇರೆಯವರು ಬಿಚ್ಚುವಂತಿಲ್ಲ. ನನಗೂ ಬೇಕಾಗಿದ್ದು ಇಂಥದ್ದೇ. ಮರುದಿನವೇ ಟೋಬಿಯಾಸನನ್ನು ಕರೆದೊಯ್ದೆ. ಡ್ಯೂಟಿಗೆ ಹೊತ್ತಾಗುತ್ತಿತ್ತೆಂದು ಅವಸರದಲ್ಲಿ ಅವನಿಗೆ ಪಟ್ಟಿ ಕಟ್ಟಿ, ‘ಇದು ಇಲ್ಲಿಯ ರೂಢಿ’ ಎಂದಷ್ಟೇ ಹೇಳಿ ಹೊರಟೆ.

ಎರಡು ವಾರ ಟೋಬಿಯಾಸ್ ರಾಜನಂತೆ ಆಡಿದ. ನಾಲ್ಕೈದು ಜನರನ್ನು ದಾಟಿ ಗೋಲು ಹೊಡೆಯುತ್ತಿದ್ದ. ಒಂದು ದಿನ ಮುಖವರಳಿಸಿಕೊಂಡು ಬಂದು, ‘ನಾನು ರೆಡಿ ಅಂತ ಕೋಚ್‌ಗೆ ಫೋನ್ ಮಾಡಿಬಿಟ್ಟೆ’ ಎಂದ. ಪಟ್ಟಿಯ ಅರ್ಥವನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ. ನೇರ ಪೆರುಮಾಳಣ್ಣನ ಹತ್ತಿರ ಹೋದೆ.

‘ಅಣ್ಣಾ, ಅವನಿಗೆ ವಿಷಯಾನೇ ಗೊತ್ತಿಲ್ಲ. ನೀವೇ ಬಿಚ್ಚಿಸ್ಬಾರ್ದಾ?’

‘ಕಟ್ಟಿದ್ದು ನೀವು ಮೇಡಂ. ಹೇಳ್ಬೇಕಾದೋರೂ ನೀವೇ.’

ಮರುದಿನ ಬೆಳಿಗ್ಗೆ ಮೈದಾನದ ಅಂಚಿನಲ್ಲಿ ಕೂರಿಸಿ ಎಲ್ಲ ಹೇಳಿದೆ. ಅವನ ಕಿವಿ ಕೆಂಪಾಯಿತು.

‘ಹಾಗಾದರೆ ಆ ಗೋಲುಗಳು?’ ಎಂದು ಇಂಗ್ಲಿಷಿನಲ್ಲಿ ಕೇಳಿದ.

‘ಬಿಟ್ಟುಕೊಟ್ಟಿದ್ದು’ ಎಂದೆ. ಹೇಳುವಾಗ ನಾಚಿಕೆಯಾಯಿತು.

ಎದ್ದು ಮನೆಗೆ ಹೋಗುತ್ತಾನೆಂದುಕೊಂಡೆ. ಅವನು ಗಂಟು ಬಿಚ್ಚಿ, ಪಟ್ಟಿಯನ್ನು ಚಡ್ಡಿ ಜೇಬಿಗೆ ತುರುಕಿ ಮೈದಾನಕ್ಕಿಳಿದ. ಮೊದಲ ಚೆಂಡಿಗೇ ಪೋಸ್ಟ್‌ಮ್ಯಾನ್ ಸೆಲ್ವಂ ಅವನನ್ನು ಉರುಳಿಸಿದ. ನಾನು ಕಣ್ಣು ಮುಚ್ಚಿಕೊಂಡೆ.

‘ಏನಾಗಿಲ್ಲ ಗುರು, ಎದ್ದೇಳು’ ಎಂದು ಸೆಲ್ವಂ ಹೇಳುವುದು ಕೇಳಿಸಿತು. ಕಣ್ಣು ಬಿಟ್ಟರೆ ಟೋಬಿಯಾಸ್ ಧೂಳಿನಲ್ಲಿ ಕೂತು ನಗುತ್ತಿದ್ದ. ಅಂದು ಅವನು ಹನ್ನೊಂದು ಸಲ ಚೆಂಡು ಕಳೆದುಕೊಂಡ, ಒಂದೂ ಗೋಲು ಹೊಡೆಯಲಿಲ್ಲ. ಆದರೆ ಎಡಗಾಲನ್ನು ಒಮ್ಮೆಯೂ ಹಿಂದಕ್ಕೆಳೆಯಲಿಲ್ಲ. ಅಷ್ಟು ಖುಷಿಯಿಂದ ನಾನು ಎಂದೂ ಡ್ಯೂಟಿಗೆ ಹೋದದ್ದಿಲ್ಲ.

ಜನವರಿ ಮೊದಲ ವಾರ ಅವನು ಹೊರಟುಹೋದ. ಆಮೇಲೆ ಪೆರುಮಾಳಣ್ಣ ‘ಪಟ್ಟಿ ಎಲ್ಲಿ ಮೇಡಂ?’ ಎಂದು ಕೇಳಿದರು. ಅದೂ ಜೇಬಿನಲ್ಲೇ ಜರ್ಮನಿ ಸೇರಿತ್ತು. ನಾಲ್ಕು ತಿಂಗಳು ಮೈದಾನದವರೆಲ್ಲ ನನ್ನನ್ನು ರೇಗಿಸಿದರು. ಮೇ ತಿಂಗಳಲ್ಲಿ ಒಂದು ಲಕೋಟೆ ಬಂತು. ಒಗೆದು ಇಸ್ತ್ರಿ ಮಾಡಿದ ಪಟ್ಟಿ, ಜೊತೆಗೊಂದು ಚೀಟಿ: ‘ಎರಡು ವರ್ಷಕ್ಕೆ ಸಹಿ ಮಾಡಿದೆ. ಇದನ್ನು ಮುಂದಿನವರಿಗೆ ಕೊಡಿ.’

ರೋಗಿಯನ್ನು ಕಾಪಾಡುವುದು ನಮ್ಮ ಕೆಲಸ. ಕಾಪಾಡುತ್ತಿದ್ದೇವೆಂದು ಅವನಿಗೆ ತಿಳಿಸುವುದೂ ನಮ್ಮದೇ ಕೆಲಸ. ಅದನ್ನು ಕಲಿಯಲು ನನಗೆ ಹದಿನೆಂಟು ವರ್ಷದ ಸರ್ವಿಸ್ ಬೇಕಾಯಿತು.

ಲಕೋಟೆ ಬಂದ ವಾರವೇ ಸೆಲ್ವಂ ಪಾದ ಉಳುಕಿಸಿಕೊಂಡಿದ್ದ. ಅವನು ಮತ್ತೆ ಆಟಕ್ಕೆ ಬಂದ ದಿನ ಪಟ್ಟಿಯನ್ನು ನಾನೇ ಕಟ್ಟಿ, ರೂಢಿಯನ್ನು ವಿವರಿಸತೊಡಗಿದೆ.

‘ಅಯ್ಯೋ, ನಂಗ್ ಗೊತ್ತಿಲ್ವಾ ಮೇಡಂ’ ಎಂದ.

‘ಗೊತ್ತಿದ್ರೂ ಕೇಳಪ್ಪ’ ಎಂದು ಪೂರ್ತಿ ಹೇಳಿದೆ.