ಹಸಿರು ಸೀರೆಗೆ ಮ್ಯಾಚಿಂಗ್

ತೆಲಂಗಾಣದ ಗಡಿಯ ಜಹೀರಾಬಾದಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ವಾರಕ್ಕೊಂದು ದಿನ ಕೂತು, ಮನಸ್ಸು ಕುಸಿದ ಹರೆಯದವರ ಮಾತು ಕೇಳುವುದು ನನ್ನ ಕೆಲಸವಾಗಿತ್ತು. ನ್ಯಾಲ್ಕಲ್ ಕಡೆಯ ಒಬ್ಬ ಹುಡುಗಿ ಬಂದಾಗಲೆಲ್ಲ ಕೈಯಲ್ಲಿ ಅದೇ ಹಸಿರು ಸೀರೆ.

ಅವಳೂರಿನ ಜೀಪಿನಲ್ಲಿ ಸುಮ್ಮನೆ ಕೂತು ಪೇಟೆಗೆ ಬರುವಂತಿಲ್ಲ. ಜೀಪು ತುಂಬುವ ತನಕ ಎಲ್ಲರೂ ಕೇಳುವವರೇ: “ಎಲ್ಲಿಗಿ? ಯಾಕ?” ಈ ಕೋಣೆಯ ಹೆಸರೆತ್ತಿದರೆ ಸಂಜೆಯೊಳಗೆ ಊರಿಗೇ ಡಂಗುರ. ಅದಕ್ಕೇ ಅವಳು ಸೀರೆಗೆ ಒಪ್ಪುವ ಬ್ಲೌಸ್ ಬಟ್ಟೆ ಹುಡುಕುವ ನೆಪದಲ್ಲಿ ಹೊರಡುತ್ತಿದ್ದಳು. ಅಂಗಡಿಗೂ ಹೋಗುತ್ತಿದ್ದಳು, ಬಟ್ಟೆ ಮಾತ್ರ ಯಾವುದೂ ಒಪ್ಪಿಗೆಯಾಗುತ್ತಿರಲಿಲ್ಲ.

“ಜೀಪಿನಾಗ ನಗತಾರಕ್ಕಾ, ಇನ್ನಾ ಮ್ಯಾಚಿಂಗ್ ಸಿಗಲಿಲ್ಲೇನು ಅಂತ,” ಎಂದು ತಾನೂ ನಗುತ್ತಿದ್ದಳು. ಆಮೇಲೆ ತೀರಿಹೋದ ತಂಗಿಯ ಮಾತು ಬರುತ್ತಿತ್ತು. ನಾನು ತಾಂಡೂರಿನವಳು, ಮನೆಮಾತು ಅವಳಂತೆ ಕನ್ನಡವೇ. “ತೆಲುಗಿನಾಗ ಮಾತಾಡಾಕ ಬರ್ತದ, ಅಳಾಕ ಬರಂಗಿಲ್ಲ,” ಎಂದಿದ್ದಳು ಒಮ್ಮೆ.

ಊರು ಯಾವುದೆಂದು ಕೇಳಿದರೆ ನ್ಯಾಲ್ಕಲ್ ಕಡೆಯ ಹಳ್ಳಿಗಳಿಂದ ಬಂದವರೆಲ್ಲ ಅವಳಂತೆಯೇ ಹೆದರಿ “ಜಹೀರಾಬಾದ್” ಎಂದು ಬರೆಸುತ್ತಿದ್ದರು. ಹೀಗಾಗಿ, ಬರುವವರು ಹೆಚ್ಚಿದ್ದ ಊರಿಗೆ ಕೆಂಪು ಬಳಿಯುವ ಮೇಲಿನವರ ನಕಾಶೆಯಲ್ಲಿ ನ್ಯಾಲ್ಕಲ್ ಬೆಳ್ಳಗೆ ಉಳಿಯಿತು. ಬಿಳಿ ಎಂದರೆ ಅಲ್ಲಿ ಯಾರಿಗೂ ಸಂಕಟವಿಲ್ಲ ಎಂದರ್ಥವಂತೆ! ಜಹೀರಾಬಾದ್ ಪೇಟೆಯವರು ಸಂಗಾರೆಡ್ಡಿಯ ದೊಡ್ಡಾಸ್ಪತ್ರೆಗೆ ಹೋಗಲಿ, ಕಲ್ಹೇರ್ ಕಡೆ ಕೆಂಪು ಹೆಚ್ಚು ಎಂದು ನನ್ನನ್ನು ಅದರ ಹತ್ತಿರದ ನಾರಾಯಣಖೇಡಕ್ಕೆ ಎತ್ತಿಹಾಕಿದರು. ಜಗಳವಾಡಿದೆ, ಕೋಣನ ಮುಂದೆ ಕಿನ್ನರಿ. ಕಲ್ಹೇರಿನ ಮಕ್ಕಳಿಗೂ ಬೇಕಿತ್ತು, ಸುಳ್ಳಲ್ಲ. ಆದರೆ ಪೇಟೆಯೆಂದರೆ ಜಹೀರಾಬಾದ್ ಎನ್ನುವ ಊರಿನ ಹುಡುಗಿ ಯಾವ ನೆಪ ಹೇಳಿ ನಾರಾಯಣಖೇಡಕ್ಕೆ ಬರಬೇಕು?

“ಏನರ ನೆಪ ಹುಡುಕ್ತೀನಕ್ಕಾ, ಬರ್ತೀನಿ,” ಎಂದಳು ಕೊನೆಯ ದಿನ, ಸೀರೆ ಮಡಚುತ್ತ.

ಬರಲಿಲ್ಲ. ಅವಳ ಮನೆಯ ಫೋನು ಅಣ್ಣನ ಜೇಬಿನಲ್ಲಿ, ನಾನು ಮಾಡುವಂತಿಲ್ಲ. ನಾರಾಯಣಖೇಡದ ಕೋಣೆಯ ಬಾಗಿಲು ಸದ್ದಾದರೆ ನನ್ನ ಕಣ್ಣು ಈಗಲೂ ಹಸಿರನ್ನೇ ಹುಡುಕುತ್ತದೆ. ಅವಳ ನಗುವನ್ನು ಒಮ್ಮೆ ಕೇಳಬೇಕೆಂದು ಜೀವ ಹಂಬಲಿಸುತ್ತದೆ.

ಹೋದ ತಿಂಗಳು ರಜೆ ಹಾಕಿ ಜಹೀರಾಬಾದಿನಲ್ಲಿ ಅವಳು ಹೋಗುತ್ತಿದ್ದ ಬಟ್ಟೆಯಂಗಡಿಗೇ ಹೋಗಿ ಕೇಳಿದೆ.

“ಹಸರ ಸೀರಿ ಹುಡುಗಿನಾ? ಬಂದಿದ್ದಳ್ರೀ,” ಎಂದು ಅಂಗಡಿಯವನು ಖುಷಿಪಟ್ಟ. “ಈ ಸಲ ಹೆಚ್ಚಿಗಿ ನೋಡಲೂ ಇಲ್ಲ, ನಾ ತೋರಿಸಿದ ಮೊದಲನೇ ಅರಿವೀನೇ ಒಯ್ದಳು. ಕಡೀಕೂ ಮ್ಯಾಚಿಂಗ್ ಆತು!”

ಪೇಟೆಗೆ ಬರುವ ನೆಪವನ್ನು ಅವಳೇ ಮುಗಿಸಿಬಿಟ್ಟಿದ್ದಳು. ಸೀದಾ ಹೋಗಿ ನ್ಯಾಲ್ಕಲ್ ಜೀಪಿನಲ್ಲಿ ಕೂತೆ. ಪಕ್ಕದ ಹೆಂಗಸು ನನ್ನತ್ತ ತಿರುಗಿದಳು.

“ಎಲ್ಲಿಗ್ರೀ ಅಕ್ಕಾರೆ? ಯಾರ ಮನಿಗಿ? ಯಾಕ?”

ಅವಳ ಹೆಸರು ನಾಲಿಗೆಯ ತುದಿಯಲ್ಲಿತ್ತು. ಎದುರಿನವರೂ ಉತ್ತರಕ್ಕೆ ಕಾಯುತ್ತಿದ್ದರು. ಜೀಪು ತುಂಬುವ ಮೊದಲೇ ಇಳಿದುಬಿಟ್ಟೆ.